ಕಪ್ಪು ಶಂಕು, ಕೆಂಪು ಅಲರ್ಟ್: ಮುನ್ಸೂಚನೆಯ ಮೇಲೆ ನಮಗೇಕೆ ಇಷ್ಟು ಸಿಟ್ಟು?

ಮಳೆಗಾಲ ಬಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಒಂದೇ ಪ್ರಶ್ನೆ. "ಡಿಸಿ ರಜೆ ಕೊಟ್ರಾ?" ವಾಟ್ಸಾಪ್ ಗ್ರೂಪುಗಳಲ್ಲಿ ಹಳೇ ಆದೇಶದ ತಾರೀಖು ತಿದ್ದಿ ಹಾಕುವವರೂ ಇರುತ್ತಾರೆ, ಅದನ್ನು ನಂಬಿ ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಳ್ಳುವವರೂ ಇರುತ್ತಾರೆ. ಒಂದು ಜುಲೈನಲ್ಲಿ ಹೀಗೇ ರೆಡ್ ಅಲರ್ಟ್ ಬಂತು, ರಜೆಯೂ ಬಂತು. ಬೆಳಿಗ್ಗೆ ಎದ್ದರೆ ಫಳಫಳ ಬಿಸಿಲು. ಅಮ್ಮ ಇದೇ ಅವಕಾಶ ಅಂತ ಒದ್ದೆ ಬಟ್ಟೆಯನ್ನೆಲ್ಲ ಅಂಗಳದ ತಂತಿಗೆ ಹಾಕಿದರು. ಮಕ್ಕಳು ಗದ್ದೆಯಲ್ಲಿ ಕ್ರಿಕೆಟ್ ಶುರು ಮಾಡಿದರು. ಪಕ್ಕದ ಮನೆಯ ಮಾವ ಗೇಟಿನ ಹತ್ತಿರ ನಿಂತು, "ಹವಾಮಾನ ಇಲಾಖೆಯವ್ರು ಹೇಳಿದ್ರೆ ಕೊಡೆ ಮನೇಲಿಟ್ಟು ಹೋಗ್ಬಹುದು" ಅಂದರು.

ಸಂಜೆ ಘಟ್ಟದ ಬುಡದಲ್ಲಿರುವ ಅತ್ತೆಯ ಫೋನ್ ಬಂತು. ತೋಟಕ್ಕೆ ಹೊಳೆ ನುಗ್ಗಿದೆ, ಕಾಲುಸಂಕ ಎಲ್ಲಿತ್ತು ಅಂತಲೇ ಗೊತ್ತಾಗ್ತಾ ಇಲ್ಲ ಅಂತ. ಎರಡು ಮನೆಗಳೂ ಒಂದೇ ಜಿಲ್ಲೆಯಲ್ಲಿವೆ. ಎರಡಕ್ಕೂ ಅದೇ ಅಲರ್ಟ್ ಹೋಗಿತ್ತು.

ಮಾವನ ಈ ಮಾತಿಗೆ 160 ವರ್ಷ ದಾಟಿದೆ. ಇದನ್ನು ಮೊದಲು, ಅದೂ ಅತಿ ಕಠೋರವಾಗಿ ಕೇಳಿಸಿಕೊಂಡವನು ಬ್ರಿಟಿಷ್ ನೌಕಾಪಡೆಯ ಅಧಿಕಾರಿ ರಾಬರ್ಟ್ ಫಿಟ್ಜ್‌ರಾಯ್. ನಮ್ಮಲ್ಲಿ ಅವನ ಪರಿಚಯ ಇರುವುದು ಡಾರ್ವಿನ್‌ನನ್ನು ಹಡಗಿನಲ್ಲಿ ಕರೆದುಕೊಂಡು ಹೋದ ಕ್ಯಾಪ್ಟನ್ ಎಂದು, ಅಷ್ಟೇ. ಹವಾಮಾನಕ್ಕೆ 'ಫೋರ್‌ಕಾಸ್ಟ್' ಎಂಬ ಪದ ಹಚ್ಚಿದವನೂ ಅವನೇ, ಆ ಪದದ ಭಾರ ಹೊತ್ತವನೂ ಅವನೇ. ಅಲರ್ಟ್, ಆರೆಂಜು, ರೆಡ್ಡು ಎಂದು ಇವತ್ತು ನಡೆಯುವ ಜಗಳಗಳೆಲ್ಲ ಅವನ ಬದುಕಿನಲ್ಲೇ ಒಂದು ಸುತ್ತು ನಡೆದುಹೋಗಿವೆ.

ಫಿಟ್ಜ್‌ರಾಯ್ ಹುಟ್ಟಿದ್ದು 1805ರಲ್ಲಿ, ಇಂಗ್ಲೆಂಡಿನ ಸಫೋಕ್‌ನಲ್ಲಿ. ದೊಡ್ಡ ಮನೆತನ. ಎರಡನೇ ಚಾರ್ಲ್ಸ್ ದೊರೆಯ ವಂಶದ ಒಂದು ಕವಲು. 12ನೇ ವಯಸ್ಸಿಗೆ ಪೋರ್ಟ್ಸ್‌ಮತ್‌ನ ನೌಕಾ ಕಾಲೇಜಿಗೆ ಸೇರಿದ. ಲೆಫ್ಟಿನೆಂಟ್ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದ. 1828ರಲ್ಲಿ ದಕ್ಷಿಣ ಅಮೆರಿಕದ ತುದಿಯಲ್ಲಿ ಸರ್ವೆ ಮಾಡುತ್ತಿದ್ದ ಬೀಗಲ್ ಹಡಗಿನ ಕ್ಯಾಪ್ಟನ್ ಪ್ರಿಂಗಲ್ ಸ್ಟೋಕ್ಸ್, ಆ ಚಳಿ, ಆ ಮಂಕು, ಆ ಒಂಟಿತನ ತಾಳದೆ ಜೀವ ಕಳೆದುಕೊಂಡ. ಖಾಲಿಯಾದ ಜಾಗಕ್ಕೆ 23 ವರ್ಷದ ಫಿಟ್ಜ್‌ರಾಯ್ ಬಂದ.

ಬಂದು ಎರಡು ತಿಂಗಳೂ ಕಳೆದಿರಲಿಲ್ಲ. 1829ರ ಜನವರಿ ಕೊನೆಯಲ್ಲಿ ಬೀಗಲ್ ಈಗಿನ ಉರುಗ್ವೆಯ ಮಾಲ್ಡೊನಾಡೊ ಹತ್ತಿರ ಇತ್ತು. ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರಿನ ಪಾದರಸ ಇಳಿಯುತ್ತಿತ್ತು, ಬಿರುಗಾಳಿ ಬರುವ ಸೂಚನೆ ಅದು. ಹುಡುಗ ಕ್ಯಾಪ್ಟನ್ ಅದನ್ನು ನೋಡಿದ, ಆದರೆ ಅಷ್ಟು ತಲೆಗೆ ಹಾಕಿಕೊಳ್ಳಲಿಲ್ಲ. ಆ ಬಯಲು ಸೀಮೆಯಿಂದ ಸಮುದ್ರಕ್ಕೆ ಏಕಾಏಕಿ ಎರಗುವ ಗಾಳಿಗೆ ಅಲ್ಲಿಯವರು 'ಪಂಪೇರೊ' ಅನ್ನುತ್ತಾರೆ. ಅದು ಬಡಿದ ಹೊಡೆತಕ್ಕೆ ಪಟಕಂಬಗಳ ಮೇಲ್ಭಾಗ ಮುರಿದು ಬಿತ್ತು. ಮೇಲೆ ಪಟ ಸುತ್ತುತ್ತಿದ್ದ ಇಬ್ಬರು ನಾವಿಕರು ನೀರಿಗೆ ಬಿದ್ದು ಹೋದರು. ತಪ್ಪು ನನ್ನದೇ ಎಂಬ ಕೊರಗು ಅವನನ್ನು ಬಿಡಲಿಲ್ಲ.

ನನ್ನ ಮಟ್ಟಿಗೆ ಅವನ ಇಡೀ ಬದುಕಿನ ಕೀಲಿ ಇದೇ ಘಟನೆ. ಮುನ್ಸೂಚನೆಯ ವಿಜ್ಞಾನಕ್ಕೆ ಬುನಾದಿ ಹಾಕಿದವನು ಮುನ್ಸೂಚನೆ ಇದ್ದೂ ಕೇಳದೆ ಜೀವಗಳನ್ನು ಕಳೆದವನು. ಪಾದರಸ ತನ್ನ ಕೆಲಸ ಮಾಡಿತ್ತು. ಕಂಡದ್ದನ್ನು ನಂಬಿ ಪಟ ಇಳಿಸಬೇಕಿತ್ತು, ಅದು ಆಗಲಿಲ್ಲ.

ಮುಂದಿನ ಇಪ್ಪತ್ತೈದು ವರ್ಷವನ್ನು ಬೇಗ ಹೇಳಿಬಿಡುತ್ತೇನೆ. ದಕ್ಷಿಣ ಅಮೆರಿಕದ ತುದಿಯ ಟಿಯೆರ್ರಾ ಡೆಲ್ ಫ್ಯೂಗೊ ದ್ವೀಪಗಳಲ್ಲಿ ಅವನ ಒಂದು ದೋಣಿ ಕಳುವಾಯಿತು ಎಂದು ಅಲ್ಲಿನ ಜನರನ್ನು ಒತ್ತೆ ಹಿಡಿದು, ಕೊನೆಗೆ ನಾಲ್ವರನ್ನು ಇಂಗ್ಲೆಂಡಿಗೇ ಕರೆತಂದ. ಇವತ್ತಿನ ಕಣ್ಣಿಗೆ ಅದು ಅಪಹರಣವೇ. ಒಬ್ಬ ಸಿಡುಬಿನಿಂದ ಸತ್ತ. ಉಳಿದವರನ್ನು ವಾಪಸ್ ಬಿಡಲು ಹೊರಟ ಪ್ರಯಾಣವೇ 1831ರ ಡಿಸೆಂಬರಿನಲ್ಲಿ ಡಾರ್ವಿನ್ ಜೊತೆ ಹೋದದ್ದು. ಹಡಗಿನಲ್ಲಿ 22 ಕ್ರೋನೋಮೀಟರ್, ಅಂದರೆ ಸಮುದ್ರದಲ್ಲೂ ಸರಿಯಾಗಿ ನಡೆಯುವ ಗಡಿಯಾರಗಳು ಇದ್ದವು, ಕೆಲವನ್ನು ಸ್ವಂತ ದುಡ್ಡಲ್ಲಿ ತಂದಿದ್ದ. ಐದು ವರ್ಷದ ಸರ್ವೆ ಎಷ್ಟು ಚೊಕ್ಕವಾಗಿತ್ತೆಂದರೆ ಲಂಡನ್ನಿನ ಭೂಗೋಳ ಸಂಘ ಚಿನ್ನದ ಪದಕ ಕೊಟ್ಟಿತು. ಆಮೇಲೆ ಪಾರ್ಲಿಮೆಂಟ್ ಸದಸ್ಯನಾದ. 1843ರಲ್ಲಿ ನ್ಯೂಜಿಲೆಂಡಿಗೆ ಗವರ್ನರ್ ಆಗಿ ಹೋದ. ಅವನು ಅಲ್ಲಿಗೆ ತಲುಪುವ ಮೊದಲೇ ವೈರಾವು ಎಂಬಲ್ಲಿ ಜಮೀನಿನ ಜಗಳದಲ್ಲಿ 22 ಬಿಳಿಯರು ಸತ್ತಿದ್ದರು. ತಪ್ಪು ಅಲ್ಲಿನ ಮೂಲನಿವಾಸಿ ಮಾವೊರಿಗಳದ್ದಲ್ಲ, ಬಿಳಿಯರದ್ದು ಎಂದು ಗವರ್ನರ್ ಹೇಳಿದ. ವಲಸೆ ಬಂದವರು ಕೆಂಡವಾದರು. 1845ರಲ್ಲಿ ವಾಪಸ್ ಕರೆಸಿಕೊಂಡರು. ಕಂಡದ್ದನ್ನು ಕಂಡ ಹಾಗೆ ಹೇಳಿ ಮನೆಗೆ ಹೋಗುವುದು ಅವನಿಗೆ ಹೊಸದಾಗಲಿಲ್ಲ.

1854ರಲ್ಲಿ ಸರ್ಕಾರ ಒಂದು ಚಿಕ್ಕ ಹವಾಮಾನ ಕಚೇರಿ ತೆರೆದು ಅವನನ್ನು ಮುಖ್ಯಸ್ಥನನ್ನಾಗಿ ಮಾಡಿತು. ಬೋರ್ಡ್ ಆಫ್ ಟ್ರೇಡ್ ಎಂಬ ವ್ಯಾಪಾರ ಇಲಾಖೆಯ ಕೆಳಗೆ, ಬೆರಳೆಣಿಕೆಯ ಗುಮಾಸ್ತರು. ಹಡಗುಗಳ ದಿನಚರಿಯಿಂದ ಗಾಳಿ, ಒತ್ತಡ, ಉಷ್ಣಾಂಶದ ಲೆಕ್ಕ ಕೂಡಿಸುವುದು ಕೆಲಸ. ಮುನ್ಸೂಚನೆ ಕೊಡಿ ಎಂದು ಯಾರೂ ಹೇಳಿರಲಿಲ್ಲ. ಅದೇ ವರ್ಷ ಪಾರ್ಲಿಮೆಂಟಿನಲ್ಲಿ ಒಬ್ಬ ಸದಸ್ಯ, ಲಂಡನ್ನಿನ ಹವೆ ಹೇಗಿರುತ್ತದೆ ಎಂದು 24 ಗಂಟೆ ಮೊದಲೇ ತಿಳಿಯುವ ಕಾಲ ಬರಬಹುದು ಎಂದಾಗ ಸದನವೇ ನಕ್ಕಿತು. ಆ ನಗೆ ಕಡತದಲ್ಲೂ ದಾಖಲಾಗಿದೆ.

ನಗು ನಿಂತದ್ದು ಐದು ವರ್ಷದ ಮೇಲೆ.

1859ರ ಅಕ್ಟೋಬರ್ 25ರ ರಾತ್ರಿ. ರಾಯಲ್ ಚಾರ್ಟರ್ ಎಂಬ ಹಡಗು ಮೆಲ್ಬರ್ನ್‌ನಿಂದ ಲಿವರ್‌ಪೂಲಿಗೆ ಬರುತ್ತಿತ್ತು. ಸಮುದ್ರದಲ್ಲಿ ಎರಡು ತಿಂಗಳು ಕಳೆದು, ಇನ್ನೇನು ಊರು ಬಂತು ಅನ್ನುವಷ್ಟು ಹತ್ತಿರ. ಆಸ್ಟ್ರೇಲಿಯಾದ ಗಣಿಗಳಲ್ಲಿ ದುಡಿದು ಚಿನ್ನ ಕಟ್ಟಿಕೊಂಡು ಮರಳುತ್ತಿದ್ದವರು ಹಡಗಿನ ತುಂಬ. ವೇಲ್ಸ್‌ನ ಆಂಗ್ಲ್‌ಸಿ ದ್ವೀಪದ ಹತ್ತಿರ ಬಿರುಗಾಳಿಗೆ ಸಿಕ್ಕಿತು. ಲಂಗರಿನ ಸರಪಳಿಗಳು ತುಂಡಾದವು, ಹಡಗು ಮೊಯೆಲ್‌ಫ್ರೆ ಎಂಬ ಹಳ್ಳಿಯ ಬಂಡೆಗಳಿಗೆ ಬಡಿದು ಒಡೆಯಿತು. ದಡ ಕೂಗಳತೆಯಲ್ಲಿ ಇತ್ತು. ಸುಮಾರು 450 ಜನ ಸತ್ತರು. ಬದುಕಿದವರು 40ರ ಆಸುಪಾಸು. ಅದೇ ಬಿರುಗಾಳಿಗೆ ಬ್ರಿಟನ್ನಿನ ಸುತ್ತ ನೂರಕ್ಕೂ ಹೆಚ್ಚು ಹಡಗುಗಳು ಹೋದವು.

ಫಿಟ್ಜ್‌ರಾಯ್ ಈ ಬಿರುಗಾಳಿಯ ಪೋಸ್ಟ್‌ಮಾರ್ಟಂ ಮಾಡಿದ. ದೀಪಸ್ತಂಭಗಳಿಂದ, ಹಡಗುಗಳಿಂದ, ಮನೆಯಲ್ಲಿ ಬ್ಯಾರೋಮೀಟರ್ ಇಟ್ಟುಕೊಂಡ ಹವ್ಯಾಸಿಗಳಿಂದ ಅಂಕಿಗಳನ್ನು ತರಿಸಿ, ನಕ್ಷೆಯ ಮೇಲೆ ಗಂಟೆ ಗಂಟೆಗೆ ಗುರುತು ಹಾಕಿದ. ಬಿರುಗಾಳಿ ಒಂದು ದಾರಿ ಹಿಡಿದು ನಡೆದು ಬಂದದ್ದು ಕಾಣಿಸಿತು. ತಂತಿ ಸಂದೇಶ, ಅಂದರೆ ಟೆಲಿಗ್ರಾಂ, ಬಿರುಗಾಳಿಗಿಂತ ಬೇಗ ಓಡುತ್ತದೆ. ಒಂದು ಊರಿನಲ್ಲಿ ಪಾದರಸ ಕುಸಿದ ಸುದ್ದಿ ಮುಂದಿನ ಬಂದರಿಗೆ ಗಾಳಿಗಿಂತ ಮೊದಲೇ ತಲುಪಿದರೆ ಸಾಕು, ಹಡಗು ಹೊರಡುವುದಿಲ್ಲ. ಎಷ್ಟು ಸರಳ ನೋಡಿ.

1861ರ ಫೆಬ್ರವರಿ ಹೊತ್ತಿಗೆ ಏರ್ಪಾಡು ಸಿದ್ಧವಾಯಿತು. ಬೆಳಿಗ್ಗೆ ಕರಾವಳಿಯ ಠಾಣೆಗಳಿಂದ ಲಂಡನ್ನಿಗೆ ತಂತಿ. ಅಲ್ಲಿ ನಕ್ಷೆ, ತೀರ್ಮಾನ. ಅಪಾಯ ಅನ್ನಿಸಿದರೆ ಬಂದರುಗಳಿಗೆ ವಾಪಸ್ ತಂತಿ. ಬಂದರಿನವರು ಕಂಬಕ್ಕೆ ಕಪ್ಪು ಕ್ಯಾನ್ವಾಸಿನ ಶಂಕು ಏರಿಸಬೇಕು. ತುದಿ ಮೇಲಿದ್ದರೆ ಬಡಗಣ ಬಿರುಗಾಳಿ, ಕೆಳಗಿದ್ದರೆ ತೆಂಕಣ. ಡೋಲಿನ ಆಕಾರ ಏರಿದರೆ ಗಾಳಿ ದಿಕ್ಕು ಬದಲಿಸುತ್ತಾ ಹೊಡೆಯುತ್ತದೆ. ಎರಡೂ ಒಟ್ಟಿಗಿದ್ದರೆ ಹೊರಗೆ ಹೋಗುವ ಮಾತೇ ಬೇಡ. ರಾತ್ರಿಗೆ ಇದೇ ಆಕಾರದಲ್ಲಿ ಲಾಂದ್ರಗಳು. ಓದು ಬರಹ ಬೇಕಿಲ್ಲ, ಕಣ್ಣಿದ್ದರೆ ಸಾಕು.

ಮೊದಲ ಎಚ್ಚರಿಕೆ ಹೋದದ್ದು ಫೆಬ್ರವರಿ 6ಕ್ಕೆ. ಈಶಾನ್ಯ ಕರಾವಳಿಯ ಟೈನ್ ನದಿಯ ಬಾಯಲ್ಲಿದ್ದ ಹಡಗುಗಳಲ್ಲಿ ಅನೇಕವು ಅದನ್ನು ಲೆಕ್ಕಿಸದೆ ಹೊರಟವು. 9ರಂದು ಬಿರುಗಾಳಿ ಎರಗಿತು. ಅದೇ ಕರಾವಳಿಯ ವಿಟ್ಬಿಯಲ್ಲಿ ಒಂದಾದ ಮೇಲೊಂದು ಹಡಗಿನ ಜನರನ್ನು ಕಾಪಾಡಲು ಹೋದ ಲೈಫ್‌ಬೋಟ್ ಕೊನೆಗೆ ತಾನೇ ಮಗುಚಿತು. ಅದರಲ್ಲಿದ್ದ 13 ಜನರಲ್ಲಿ 12 ಜನ ಸತ್ತರು. ಉಳಿದವನು ಹೆನ್ರಿ ಫ್ರೀಮನ್ ಒಬ್ಬನೇ. ಹೊಸದಾಗಿ ಬಂದಿದ್ದ, ನೀರಲ್ಲಿ ತೇಲಿಸುವ ಬಿರಡೆಯ (ಕಾರ್ಕ್) ಜಾಕೆಟ್ ಹಾಕಿಕೊಂಡಿದ್ದವನು ಅವನು ಮಾತ್ರ.

ಇಲ್ಲಿಯವರೆಗೆ ಫಿಟ್ಜ್‌ರಾಯ್ ಮಾಡಿದ್ದರಲ್ಲಿ ಗೊಂದಲ ಇಲ್ಲ. ಎಚ್ಚರಿಕೆ ಯಾರಿಗೆ? ಹಡಗಿನವರಿಗೆ. ಅವರೇನು ಮಾಡಬೇಕು? ಹೊರಡಬಾರದು. ಮುಗಿಯಿತು. ಆಮೇಲೆ ಅವನು ಇನ್ನೊಂದು ಹೆಜ್ಜೆ ಇಟ್ಟ. ಹೇಗಿದ್ದರೂ ದಿನಾ ನಕ್ಷೆ ಮಾಡ್ತೇವೆ, ಬಿರುಗಾಳಿ ಇಲ್ಲದ ದಿನವೂ ನಾಳೆಯ ಹವೆ ಹೇಳಿದರೇನು? 1861ರ ಆಗಸ್ಟ್ 1ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಜಗತ್ತಿನ ಮೊದಲ ಸಾರ್ವಜನಿಕ ಮುನ್ಸೂಚನೆ ಅಚ್ಚಾಯಿತು. ನಾಲ್ಕೈದು ಸಾಲು. ಉತ್ತರದಲ್ಲಿ ಪಡುವಣ ಗಾಳಿ, ತಿಳಿ ಹವೆ. ಪಶ್ಚಿಮದಲ್ಲಿ ತಿಳಿ ಹವೆ. ದಕ್ಷಿಣದಲ್ಲೂ ತಿಳಿ ಹವೆ. ಇದು ಭವಿಷ್ಯ ಅಲ್ಲ, ಕಣಿ ಅಲ್ಲ, ಲೆಕ್ಕ ಹಾಕಿ ಹೇಳುವ ಅಭಿಪ್ರಾಯ ಎಂದು ಅವನು ಮತ್ತೆ ಮತ್ತೆ ಬರೆದ. 'ಫೋರ್‌ಕಾಸ್ಟ್' ಎಂಬ ಪದ ಆರಿಸಿಕೊಂಡದ್ದೇ ಅದಕ್ಕೆ.

ಜನರಿಗೆ ಆ ವ್ಯತ್ಯಾಸ ಬೇಕಿರಲಿಲ್ಲ. ಕುದುರೆ ರೇಸಿಗೆ ಹೋಗುವವರು, ತೋಟದ ಪಾರ್ಟಿ ಇಟ್ಟವರು, ಬಟ್ಟೆ ಒಗೆದವರು ಎಲ್ಲರೂ ಈಗ ಫಿಟ್ಜ್‌ರಾಯ್‌ಗೆ ಪರೀಕ್ಷಕರು. ವಿಕ್ಟೋರಿಯಾ ರಾಣಿ ಕೂಡ ಐಲ್ ಆಫ್ ವೈಟ್‌ಗೆ ದಾಟುವ ಮೊದಲು ಅವನ ಮನೆಗೆ ಆಳು ಕಳಿಸಿ ವಿಚಾರಿಸುತ್ತಿದ್ದಳು. ಸರಿಯಾದ ದಿನ ಯಾರೂ ನೆನಪಿಡಲಿಲ್ಲ. ತಪ್ಪಿದ ದಿನ ಎಲ್ಲರೂ ನೆನಪಿಟ್ಟರು. 1862ರಲ್ಲೇ ಟೈಮ್ಸ್ ಕೈ ತೊಳೆದುಕೊಂಡಿತು. ಸರಿಯಾದರೆ ಹೆಗ್ಗಳಿಕೆ ನಮಗೆ ಬೇಡ, ತಪ್ಪಾದರೆ ಹೊಣೆಯೂ ನಮ್ಮದಲ್ಲ ಎಂಬ ಧಾಟಿಯಲ್ಲಿ ಬರೆಯಿತು. ಅಚ್ಚು ಹಾಕುವುದನ್ನು ಮಾತ್ರ ನಿಲ್ಲಿಸಲಿಲ್ಲ! ದೋಣಿಗಳ ಮಾಲೀಕರಿಗೆ ಬೇರೆಯೇ ಸಿಟ್ಟು. ಶಂಕು ಏರಿದ ದಿನ ಮೀನುಗಾರರು ಹೊರಡಲ್ಲ, ಗಾಳಿ ಬಾರದಿದ್ದರೆ ಆ ದಿನದ ವ್ಯಾಪಾರ ಹೋಯಿತು.

ಫಿಟ್ಜ್‌ರಾಯ್ ಎಡವಿದ್ದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ಲೆಕ್ಕದಲ್ಲಿ ಅಲ್ಲ. ಜೀವ ಉಳಿಸುವ ಶಂಕನ್ನೂ ಬಟ್ಟೆ ಒಣಗಿಸುವ ಸಲಹೆಯನ್ನೂ ಒಂದೇ ಕಚೇರಿ, ಒಂದೇ ಹೆಸರಿನಲ್ಲಿ ಕೊಟ್ಟದ್ದರಲ್ಲಿ. ಎರಡನೆಯದು ತಪ್ಪಿದಾಗ ಮೊದಲನೆಯದರ ಮರ್ಯಾದೆಯೂ ಹೋಯಿತು.

ಈಗ ನಮ್ಮ ಬಣ್ಣಗಳನ್ನು ನೋಡಿ. ಹವಾಮಾನ ಇಲಾಖೆಯ ಹಸಿರು, ಹಳದಿ, ಕಿತ್ತಳೆ, ಕೆಂಪು ಮಳೆ ಅಳೆಯುವ ಪಟ್ಟಿ ಅಲ್ಲ. ಮಳೆಗೆ ಬೇರೆ ಅಳತೆ ಇದೆ. 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ ಭಾರಿ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಬಣ್ಣ ಹೇಳುವುದು ನೀವೇನು ಮಾಡಬೇಕು ಅನ್ನುವುದನ್ನು. ಹಳದಿ ಅಂದರೆ ಗಮನ ಇರಲಿ. ಕಿತ್ತಳೆ ಅಂದರೆ ತಯಾರಾಗಿ. ಕೆಂಪು ಅಂದರೆ ಕ್ರಮ ತೆಗೆದುಕೊಳ್ಳಿ. ಮಳೆ ಎಷ್ಟು ಬರಬಹುದು, ಬರುವ ಸಾಧ್ಯತೆ ಎಷ್ಟು, ಬಂದರೆ ಏನಾಗಬಹುದು, ಮೂರನ್ನೂ ಸೇರಿಸಿ ಬಣ್ಣ ಹಚ್ಚುತ್ತಾರೆ. ನಮಗೆ ತಲುಪುವಾಗ ಉಳಿಯುವುದು ಎರಡೇ ಅರ್ಥ: ಶಾಲೆಗೆ ರಜೆ ಇದೆ, ಶಾಲೆಗೆ ರಜೆ ಇಲ್ಲ. ಗುಡ್ಡದ ಕೆಳಗಿನ ಮನೆಯವರಿಗೆ ಹೊರಡಿ ಎಂದು ಹೇಳಬೇಕಾದ ಬಣ್ಣ ಪೇಟೆಯ ಮಕ್ಕಳಿಗೆ ಕ್ರಿಕೆಟ್ ಆಡಿ ಎಂದು ಹೇಳುತ್ತಿದೆ. ಇಡೀ ಜಿಲ್ಲೆಗೆ ಒಂದೇ ಬಣ್ಣ ಬಿದ್ದರೆ ಕಡಲ ಬದಿಯಲ್ಲಿ ಸುಳ್ಳು, ಘಟ್ಟದ ಬುಡದಲ್ಲಿ ಸತ್ಯ.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮರುದಿನವೇ ಬಣ್ಣದ ಜಗಳ. ಒಂದು ವಾರ ಮೊದಲೇ ಎಚ್ಚರಿಸಿದ್ದೆವು ಎಂದು ಕೇಂದ್ರ ಗೃಹ ಸಚಿವರು ರಾಜ್ಯಸಭೆಯಲ್ಲಿ ಹೇಳಿದರು. ಇದ್ದದ್ದು ಆರೆಂಜ್ ಅಲರ್ಟ್, ರೆಡ್ ಬಂದದ್ದು ಗುಡ್ಡ ಕುಸಿದ ಮೇಲೆ ಎಂದು ಕೇರಳದ ಮುಖ್ಯಮಂತ್ರಿ ಹೇಳಿದರು. ಯಾರದ್ದು ಸರಿ ಎಂಬ ಚರ್ಚೆ ಟಿವಿಯಲ್ಲಿ ದಿನಗಟ್ಟಲೆ ನಡೆಯಿತು. ಆರೆಂಜ್ ಅಂದರೆ ತಯಾರಾಗಿ ಎಂದು ಅರ್ಥ ಇರುವಾಗ, ಆ ಹಳ್ಳಿಗಳಲ್ಲಿ ತಯಾರಾಗುವುದು ಅಂದರೆ ಯಾರು ಯಾವ ಬಾಗಿಲು ತಟ್ಟಬೇಕಿತ್ತು, ಜನ ಎಲ್ಲಿಗೆ ಹೋಗಿ ಮಲಗಬೇಕಿತ್ತು ಎಂದು ಕೇಳಿದವರು ಕಡಿಮೆ.

ಈ ಪ್ರಶ್ನೆ ಕೇಳಿ, ಅದಕ್ಕೆ ಉತ್ತರವನ್ನೂ ಕಟ್ಟಿದ ರಾಜ್ಯ ಒಡಿಶಾ. 1999ರ ಸೂಪರ್ ಸೈಕ್ಲೋನಿಗೆ ಅಲ್ಲಿ ಸುಮಾರು 10,000 ಜನ ಸತ್ತರು. 2013ರಲ್ಲಿ ಫೈಲಿನ್ ಬಂದಾಗ ಸತ್ತವರು ಐವತ್ತಕ್ಕಿಂತ ಕಡಿಮೆ. ನಡುವೆ ಮುನ್ಸೂಚನೆ ಸುಧಾರಿಸಿತು, ನಿಜ. ಜೊತೆಗೆ ಕಂಬಗಳ ಮೇಲೆ ನಿಂತ ಆಶ್ರಯ ಕಟ್ಟಡಗಳು ಎದ್ದವು, ಅಲ್ಲಿಗೆ ಒಯ್ಯಲು ಬಸ್ಸು ಬಂತು, ಅಲ್ಲಿ ಅಡುಗೆಗೆ ಅಕ್ಕಿ ಇತ್ತು, ಮನೆ ಮನೆಗೆ ಹೋಗಿ ಎಬ್ಬಿಸಲು ಊರಿನವರೇ ಆದ ಸ್ವಯಂಸೇವಕರು ಇದ್ದರು. ಹತ್ತು ಲಕ್ಷದಷ್ಟು ಜನ ಜಾಗ ಬಿಟ್ಟು ಹೋದರು.

ಇದಕ್ಕೆ ಉಲ್ಟಾ ಉದಾಹರಣೆ 2021ರ ಮೇ ತಿಂಗಳ ತೌಕ್ತೆ ಚಂಡಮಾರುತ. ಹವಾಮಾನ ಇಲಾಖೆ ದಿನಗಳ ಮೊದಲೇ ಹೇಳಿತ್ತು. ಮುಂಬೈ ಹೊರಗಿನ ತೈಲಕ್ಷೇತ್ರದಲ್ಲಿ 261 ಜನರನ್ನು ಹೊತ್ತ ಪಿ-305 ಎಂಬ ಬಾರ್ಜ್ (ಚಪ್ಪಟೆ ತಳದ ದೊಡ್ಡ ದೋಣಿ) ಸುರಕ್ಷಿತ ಜಾಗಕ್ಕೆ ಹೋಗದೆ ಅಲ್ಲೇ ಆಸುಪಾಸಿನಲ್ಲಿ ಉಳಿಯಿತು. ಮುಳುಗಿದಾಗ ಸತ್ತವರು ಎಪ್ಪತ್ತಕ್ಕೂ ಹೆಚ್ಚು. ಅದೇ ಚಂಡಮಾರುತಕ್ಕೆ ನಮ್ಮ ಕಡೆಯೂ ಟಗ್ ಒಂದು ಕಾಪು ಹತ್ತಿರ ಬಂಡೆಗೆ ಸಿಕ್ಕಿಹಾಕಿಕೊಂಡಿತು. ಅದರಲ್ಲಿದ್ದ 9 ಜನರನ್ನು ಎತ್ತಿ ತರುವ ದೃಶ್ಯವನ್ನು ಕರಾವಳಿಯವರೆಲ್ಲ ಮೊಬೈಲಿನಲ್ಲಿ ನೋಡಿದ್ದೇವೆ. ಪಾದರಸ ಇಳಿದದ್ದು ಕಂಡಿತ್ತು, ಪಟ ಇಳಿಸಲಿಲ್ಲ. ಮಾಲ್ಡೊನಾಡೊ ಕಥೆಯೇ.

ಫಿಟ್ಜ್‌ರಾಯ್ ಕಥೆಗೆ ಬರೋಣ. 1860ರ ದಶಕದ ನಡುವಿಗೆ ಅವನು ಸೋತು ಹೋಗಿದ್ದ. ಕಿವಿ ಮಂದವಾಗಿತ್ತು. ಸ್ವಂತ ಆಸ್ತಿ ಸರ್ಕಾರಿ ಕೆಲಸಗಳಿಗೇ ಸುರಿದು ಕರಗಿತ್ತು. ತಾನು ಬಯಸಿದ್ದ ಹುದ್ದೆ ಬೀಗಲ್‌ನಲ್ಲಿ ತನ್ನ ಕೈಕೆಳಗಿದ್ದ ಸಲಿವನ್‌ಗೆ ಹೋಗಿತ್ತು. ತನ್ನ ಹಡಗಿನಲ್ಲಿ ಕುಳಿತು ಡಾರ್ವಿನ್ ಕೂಡಿಸಿದ್ದರಿಂದಲೇ ಬೈಬಲ್ಲಿನ ಸೃಷ್ಟಿಕಥೆಗೆ ಪೆಟ್ಟು ಬಿತ್ತು ಎಂಬ ಸಂಕಟ ಬೇರೆ. ಮೇಲಿಂದ ಪತ್ರಿಕೆಗಳ ಲೇವಡಿ. 1865ರ ಏಪ್ರಿಲ್ 30, ಭಾನುವಾರ ಬೆಳಿಗ್ಗೆ ಅವನು ತನ್ನ ಜೀವ ತಾನೇ ಕಳೆದುಕೊಂಡ. ಮುನ್ಸೂಚನೆ ತಪ್ಪಿದ್ದಕ್ಕೆ ಸತ್ತ ಎಂದು ಕೆಲವರು ಸಲೀಸಾಗಿ ಬರೆಯುತ್ತಾರೆ. ಮನಸ್ಸಿನ ಕಾಯಿಲೆ ಅಷ್ಟು ಸರಳ ಅಲ್ಲ. ಅವನ ಸೋದರಮಾವನೂ ಹೀಗೇ ಹೋಗಿದ್ದ, ಆ ಭಯ ಅವನಿಗೆ ಚಿಕ್ಕಂದಿನಿಂದ ಇತ್ತು. ಸತ್ತ ಮೇಲೆ ನೋಡಿದರೆ ಹೆಂಡತಿ ಮಕ್ಕಳಿಗೆ ಉಳಿದದ್ದು ಸಾಲ. ಸ್ನೇಹಿತರು ಹಣ ಕೂಡಿಸಿದರು. ಡಾರ್ವಿನ್ 100 ಪೌಂಡ್ ಕೊಟ್ಟ.

ನನಗೆ ಅತಿ ಆಸಕ್ತಿ ಹುಟ್ಟಿಸುವುದು ಅದರ ಮುಂದಿನದ್ದು. ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ನೇತೃತ್ವದ ಸಮಿತಿ ಅವನ ಕೆಲಸ ಪರಿಶೀಲಿಸಿತು. ದಿನದ ಮುನ್ಸೂಚನೆಗೆ ವೈಜ್ಞಾನಿಕ ಆಧಾರ ಇಲ್ಲ ಎಂದಿತು. 1866ರಲ್ಲಿ ಮುನ್ಸೂಚನೆ ನಿಂತಿತು, ಡಿಸೆಂಬರಿಗೆ ಬಿರುಗಾಳಿ ಎಚ್ಚರಿಕೆಯೂ ನಿಂತಿತು. ಪಂಡಿತರಿಗೆ ಸಮಾಧಾನ. ಬಂದರುಗಳಿಂದ ಮಾತ್ರ ದೂರು ಶುರುವಾಯಿತು. ನಮ್ಮ ಶಂಕು ನಮಗೆ ಕೊಡಿ ಎಂದು. ಅರ್ಧ ತಪ್ಪಿದರೂ ಪರವಾಗಿಲ್ಲ, ಇನ್ನರ್ಧ ನಮ್ಮ ಜೀವ ಎಂಬ ಲೆಕ್ಕ ಕಡಲಿಗೆ ಹೋಗುವವರದ್ದು. ಮುಂದಿನ ವರ್ಷವೇ ಬಿರುಗಾಳಿ ಎಚ್ಚರಿಕೆ ಮರಳಿತು. ಪತ್ರಿಕೆಯ ಮುನ್ಸೂಚನೆ ಮರಳಲು 1879 ಬೇಕಾಯಿತು.

ಇದೇ ಹೊತ್ತಿಗೆ ನಮ್ಮ ದೇಶಕ್ಕೂ ಈ ಪದ್ಧತಿ ಬಂತು. 1864ರ ಅಕ್ಟೋಬರಿನಲ್ಲಿ ಕಲ್ಕತ್ತಾಕ್ಕೆ ಬಡಿದ ಚಂಡಮಾರುತದಲ್ಲಿ ಹತ್ತಾರು ಸಾವಿರ ಜನ ಸತ್ತ ಮೇಲೆ ಅಲ್ಲಿನ ಬಂದರಿಗೆ ಎಚ್ಚರಿಕೆ ಕೊಡುವ ವ್ಯವಸ್ಥೆ ಆಯಿತು. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿತು. ಮಂಗಳೂರು, ಕಾರವಾರ ಬಂದರುಗಳಲ್ಲಿ ಮೂರನೇ ನಂಬರಿನ ಸಿಗ್ನಲ್ ಹಾಕಿದರು ಎಂದು ಪೇಪರಿನಲ್ಲಿ ಓದುತ್ತೀರಲ್ಲ, ಅದು ಈ ಕಥೆಯ ನೇರ ಮೊಮ್ಮಗು. ಹಗಲಿಗೆ ಶಂಕು ಮತ್ತು ಡೋಲಿನಂಥ ಆಕಾರಗಳು, ರಾತ್ರಿಗೆ ಕೆಂಪು ಬಿಳಿ ದೀಪಗಳು. ಒಂದರಿಂದ ಹನ್ನೊಂದರವರೆಗೆ ನಂಬರು.

ಈಗ ಉಪಗ್ರಹ ಇದೆ, ಡಾಪ್ಲರ್ ರೆಡಾರ್ ಇದೆ. 2024ರಲ್ಲಿ ಕೇಂದ್ರ ಸರ್ಕಾರ ಮುನ್ಸೂಚನೆ ಸುಧಾರಿಸುವ ಯೋಜನೆಯಾದ ಮಿಷನ್ ಮೌಸಮ್‌ಗೆ 2,000 ಕೋಟಿ ರೂಪಾಯಿ ಇಟ್ಟಿತು. 2025ರಲ್ಲಿ ಆರು ಕಿಲೋಮೀಟರಿನ ಚೌಕಗಳಲ್ಲಿ ಲೆಕ್ಕ ಹಾಕುವ ಹೊಸ ಮಾದರಿ ಬಂತು. ಚೌಕ ಸಣ್ಣದಾದಷ್ಟೂ ನಮ್ಮ ಅಂಗಳದ ಬಿಸಿಲನ್ನೂ ಅತ್ತೆಯ ತೋಟದ ಹೊಳೆಯನ್ನೂ ಬೇರೆ ಬೇರೆ ಕಾಣುವುದು ಸುಲಭ. ಒಳ್ಳೆಯದೇ. ಆದರೆ ಜಾಸ್ತಿ ನಿಖರವಾದ ಮುನ್ಸೂಚನೆಗೂ ಸುಳ್ಳು ಎಚ್ಚರಿಕೆಯ ಖರ್ಚು ತಪ್ಪುವುದಿಲ್ಲ. ಎಚ್ಚರಿಕೆ ಜಾಸ್ತಿ ಕೊಟ್ಟರೆ ಸುಳ್ಳಾಗುವ ದಿನಗಳು ಜಾಸ್ತಿ, ಕಡಿಮೆ ಕೊಟ್ಟರೆ ಒಂದು ದಿನ ಹೆಣ ಬೀಳುತ್ತದೆ. ಎಲ್ಲಿ ಗೆರೆ ಎಳೆಯಬೇಕು ಅನ್ನುವುದು ಕಂಪ್ಯೂಟರಿನ ಪ್ರಶ್ನೆ ಅಲ್ಲ. ಸುಳ್ಳಾದ ದಿನದ ನಷ್ಟ ಯಾರ ತಲೆ ಮೇಲೆ ಅನ್ನುವ ಪ್ರಶ್ನೆ. ಸರ್ಕಾರಿ ಸಂಬಳದವರಿಗೆ ರೆಡ್ ಅಲರ್ಟ್ ಒಂದು ಸುದ್ದಿ, ದಿನಗೂಲಿಯವರಿಗೆ ಖಾಲಿ ಜೇಬು.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಮೀನುಗಾರಿಕೆ ದಕ್ಕೆಯಲ್ಲಿ ಬೋಟು ನಡೆಸುವ ಒಬ್ಬ ತಾಂಡೇಲರ ಜೊತೆ ಮಾತಾಡುತ್ತಾ ಕುಳಿತಿದ್ದೆ. ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತ, ಯಾರೂ ಇಳಿಯಬಾರದು ಎಂದು ಆ ದಿನ ಮೈಕಿನಲ್ಲಿ ಹೇಳಿ ಹೋಗಿದ್ದರು. ಬೋಟುಗಳೆಲ್ಲ ಒತ್ತೊತ್ತಾಗಿ ಕಟ್ಟಿಕೊಂಡು ನಿಂತಿದ್ದವು. ಮೋಡ ಇತ್ತು, ಗಾಳಿ ಅಷ್ಟೇನಿರಲಿಲ್ಲ. ನೀವು ಇದನ್ನೆಲ್ಲ ನಂಬ್ತೀರಾ ಅಂತ ಕೇಳಿದೆ.

"ನಂಬದೆ ಏನು ಮಾಡೋದು? ಮೊದಲೆಲ್ಲ ಆಕಾಶ ನೋಡಿ ಹೋಗ್ತಿದ್ವು, ಎಷ್ಟು ಜನ ಬರ್ಲೇ ಇಲ್ಲ. ಹೇಳಿದ್ದು ಒಳ್ಳೇದೇ ಆಯ್ತು, ಹೋಗಲ್ಲ" ಅಂದರು. ಆಮೇಲೆ ಬೋಟಿನ ಸ್ಟೋರಿನ ಕಡೆ ಕೈ ತೋರಿಸಿದರು. "ಆದ್ರೆ ಬೆಳಿಗ್ಗೆ ಐಸ್ ತುಂಬಿಸಿ ಆಗಿದೆ. ಡೀಸೆಲ್ ಸಾಲ ಬೇರೆ. ಇವತ್ತು ತೂಫಾನ್ ಬರದೇ ಇದ್ರೆ ಈ ಐಸಿನ ದುಡ್ಡು ಯಾರತ್ರ ಕೇಳೋದು, ನೀವೇ ಹೇಳಿ."